ಬಹಳ ದಿನದ ಮೇಲೆ ಕೆಲಸಕ್ಕೆ ಹೊರಟಿರಾ? ಮೊದಲು ಬೆಳಗನ್ನು ಸರಿಮಾಡಿಕೊಳ್ಳಿ

ಎರಡು ಮೂರು ವರ್ಷ ಕೆಲಸವಿಲ್ಲದೆ ಕೂತು, ಕೊನೆಗೂ ಒಂದು ಕೆಲಸ ಸಿಕ್ಕಿ, ಸೇರಿದ ಮೂರನೇ ವಾರಕ್ಕೇ ಬಿಟ್ಟುಬಂದ ನಾಲ್ವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾಲ್ವರಿಗೂ ಕೆಲಸ ಚೆನ್ನಾಗಿ ಗೊತ್ತಿತ್ತು. ಯಾರೂ ಮೈಗಳ್ಳರಲ್ಲ. ಸಂದರ್ಶನಕ್ಕೆ ಅಂತ ತಿಂಗಳುಗಟ್ಟಲೆ ಓದಿದ್ದರು. ಆದರೆ ಕೆಲಸ ಖಚಿತವಾದ ದಿನದಿಂದ ಸೇರುವ ದಿನದವರೆಗೆ ಏನೂ ಮಾಡಲಿಲ್ಲ. ಭಾನುವಾರ 10 ಗಂಟೆಗೆ ಎದ್ದವರು ಸೋಮವಾರ 6ಕ್ಕೆ ಎದ್ದು ಓಡಿದರು. ಹಾಗೆ ಎರಡು ವಾರ ಓಡಿದ ಮೇಲೆ ಮೈ ಸೋತಿತು. ಮೈ ಸೋತಿದ್ದನ್ನು ಅವರು ‘ನನ್ನ ಕೈಲಿ ಆಗಲ್ಲ’ ಅಂತ ಅರ್ಥ ಮಾಡಿಕೊಂಡರು.

ನಾನೂ ಎರಡು ವರ್ಷಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಮನೆಯಲ್ಲಿದ್ದವಳು. ಮತ್ತೆ ಸೇರಿದಾಗ ಮೊದಲ ವಾರ ಮಧ್ಯಾಹ್ನ 3 ಗಂಟೆ ಹೊತ್ತಿಗೆ ಓದಿದ ಸಾಲನ್ನೇ ನಾಲ್ಕು ಸಲ ಓದುತ್ತಿದ್ದೆ. ಬುದ್ಧಿಗೆ ತುಕ್ಕು ಹಿಡಿದಿದೆ ಅಂತ ಹೆದರಿದ್ದೆ. ಹಿಡಿದಿರಲಿಲ್ಲ. ನಿದ್ದೆಯ ಹೊತ್ತು ತಪ್ಪಿತ್ತು, ಅಷ್ಟೇ.

ಇದು ಒಬ್ಬಿಬ್ಬರ ದೌರ್ಬಲ್ಯ ಅಲ್ಲ. 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿತು. ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರಿ ಯಹೋಡಾ ಮತ್ತು ಜೊತೆಗಾರ ಸಂಶೋಧಕರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಬರೆದುಕೊಂಡರು. ಬಿಡುವು ಬೇಕಾದಷ್ಟಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ರಸ್ತೆಯಲ್ಲಿ ನಿಧಾನಕ್ಕೆ ನಡೆಯುತ್ತಿದ್ದರು, ನಡುನಡುವೆ ನಿಂತುಬಿಡುತ್ತಿದ್ದರು. ಹಲವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಹೆಂಗಸರು ಮಾತ್ರ ಬೇಗ ನಡೆಯುತ್ತಿದ್ದರು, ಏಕೆಂದರೆ ಮನೆಗೆಲಸ ಅವರ ದಿನವನ್ನು ಹಿಡಿದಿಟ್ಟಿತ್ತು. ಕೆಲಸ ಹೋದಾಗ ಸಂಬಳದ ಜೊತೆ ಹೊತ್ತಿನ ಲೆಕ್ಕವೂ ಹೋಗುತ್ತದೆ. ಸಂಬಳ ಮತ್ತೆ ಕೈಗೆ ಬರುವ ಮೊದಲೇ ಆ ಲೆಕ್ಕವನ್ನು ತಂದುಕೊಳ್ಳಬೇಕು.

ಹೆಜ್ಜೆ 1: ಸೇರುವ ದಿನವನ್ನು ಕೇಳಿ ಪಡೆಯಿರಿ

‘ಯಾವಾಗ ಬರ್ತೀರಿ?’ ಅಂದಾಗ ‘ನಾಳೆಯೇ’ ಅನ್ನಬೇಡಿ. ಎರಡೂವರೆ ವಾರ ಕೇಳಿ. ಹೊಸಬರನ್ನು ತೆಗೆದುಕೊಳ್ಳುವವರಿಗೆ ಇದು ಅಚ್ಚರಿಯ ಮಾತೇನಲ್ಲ, ಬೇರೆ ಕಡೆ ಕೆಲಸ ಬಿಟ್ಟು ಬರುವವರು ಇದಕ್ಕಿಂತ ಜಾಸ್ತಿಯೇ ಕೇಳುತ್ತಾರೆ. ಹಣದ ತೊಂದರೆ ಇದ್ದರೆ, ಅಥವಾ ಅವರು ಒಪ್ಪದಿದ್ದರೆ, ಸಿಕ್ಕ ಐದು ದಿನವನ್ನಾದರೂ ಬಳಸಿಕೊಳ್ಳಿ.

ಹೆಜ್ಜೆ 2: ಕಾಗದಪತ್ರ, ಬಟ್ಟೆ, ಚಪ್ಪಲಿ

ಒಂದೇ ಮಧ್ಯಾಹ್ನದಲ್ಲಿ ಮುಗಿಸಿ. ಹಳೆಯ ಬಟ್ಟೆ ಹಾಕಿ ನೋಡಿ, ಅಳತೆ ಬದಲಾಗಿರುತ್ತದೆ. ಎರಡು ಜೊತೆ ಸಾಕು, ಮೊದಲ ಸಂಬಳ ಬರುವವರೆಗೆ ಇನ್ನೇನೂ ಕೊಳ್ಳಬೇಡಿ.

ಹೆಜ್ಜೆ 3: ಏಳುವ ಹೊತ್ತನ್ನು ಹಿಂದಕ್ಕೆ ತನ್ನಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ.

ಜನ ಮಾಡುವ ಮೊದಲ ತಪ್ಪು, ಬೇಗ ಮಲಗಲು ಹೋಗುವುದು. ರಾತ್ರಿ 2 ಗಂಟೆಗೆ ನಿದ್ದೆ ಬರುವ ಮೈಯನ್ನು 10 ಗಂಟೆಗೆ ಹಾಸಿಗೆಗೆ ಹಾಕಿದರೆ ಅದು ಮಲಗುವುದಿಲ್ಲ. ನಾಲ್ಕು ಗಂಟೆ ಹೊರಳಾಡಿ, ಹಾಸಿಗೆ ಕಂಡರೇ ಕಳವಳ ಶುರುವಾಗುತ್ತದೆ. ಮಲಗುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ಏಳುವ ಹೊತ್ತು ಇದೆ. ಅದನ್ನು ಹಿಡಿಯಿರಿ, ಮಲಗುವುದು ತಾನಾಗೇ ಹಿಂದೆ ಸರಿಯುತ್ತದೆ.

ನಿಧಾನಕ್ಕೇ ಯಾಕೆ ಸರಿಸಬೇಕು? ಕಣ್ಣಿನ ಎರಡೂ ನರಗಳು ಮೆದುಳಿನಲ್ಲಿ ಒಂದನ್ನೊಂದು ದಾಟುವ ಜಾಗದ ಮೇಲ್ಗಡೆಯೇ ನರಕೋಶಗಳ ಒಂದು ಪುಟ್ಟ ಗುಂಪಿದೆ. ನಮ್ಮ ಮೈಯ ಗಡಿಯಾರ ಅದೇ. 1999ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಈ ಗಡಿಯಾರವನ್ನು ಅಳೆದಾಗ ಅದರ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷ ಬಂತು. ಅಂದರೆ ಬಿಟ್ಟರೆ ಅದು ದಿನಾ ಸ್ವಲ್ಪ ತಡವಾಗುತ್ತಾ ಹೋಗುವಂಥದ್ದು. ಕೆಲಸವಿಲ್ಲದ ದಿನಗಳಲ್ಲಿ ಏಳುವುದು 7ರಿಂದ 8, ಆಮೇಲೆ 10 ಆಗಿದ್ದು ಸೋಮಾರಿತನದಿಂದಲ್ಲ. ಅದನ್ನು ದಿನಾ ತಿದ್ದುವ ಕಾರಣ ನಿಮಗೆ ಇರಲಿಲ್ಲ. ಮುಂದಕ್ಕೆ ಹೋಗುವುದು ಅದಕ್ಕೆ ಸಲೀಸು, ಹಿಂದಕ್ಕೆ ಬರುವುದು ಕಷ್ಟ. ಒಂದೇ ರಾತ್ರಿಯಲ್ಲಿ 4 ಗಂಟೆ ಎಳೆದರೆ, ವಿಮಾನದಲ್ಲಿ ದೂರದೇಶಕ್ಕೆ ಹೋಗಿ ಇಳಿದವರ ಸ್ಥಿತಿಯೇ ನಿಮ್ಮದೂ.

ಲೆಕ್ಕ ಹೀಗೆ ಹಾಕಿ. ಮನೆ ಬಿಡಬೇಕಾದ ಹೊತ್ತಿನಿಂದ ಒಂದೂವರೆ ಗಂಟೆ ಹಿಂದೆ ಹೋಗಿ. ಅದು ಏಳುವ ಹೊತ್ತು. ಅದು 6 ಗಂಟೆ, ಈಗ ನೀವು ಏಳುತ್ತಿರುವುದು 10ಕ್ಕೆ ಅನ್ನಿ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದೆ ತನ್ನಿ. ಎಂಟು ಸಲ ಸರಿಸಿದರೆ 16 ದಿನ. ಎರಡೂವರೆ ವಾರ ಕೇಳಿ ಅಂದಿದ್ದು ಇದಕ್ಕೇ. ಐದೇ ದಿನ ಸಿಕ್ಕಿದವರು ದಿನಕ್ಕೆ ಮುಕ್ಕಾಲು ಗಂಟೆ ಸರಿಸಿ. ಕಷ್ಟವಾಗುತ್ತದೆ, ಆದರೆ ಏನೂ ಮಾಡದೆ ಹೋಗುವುದಕ್ಕಿಂತ ಎಷ್ಟೋ ವಾಸಿ.

ಇನ್ನು ಬೆಳಕು. ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ. ಕಿಟಕಿ ಪಕ್ಕ ನಿಂತರೆ ಸಾಲದು, ಬಾಗಿಲು ದಾಟಬೇಕು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 500 ಲಕ್ಸ್ ಕೂಡ ದಾಟುವುದಿಲ್ಲ. ಹೊತ್ತು ಏರಿದ ಮೇಲೆ, ಮೋಡ ಮುಸುಕಿದ್ದರೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ನಮ್ಮ ಕಣ್ಣಿಗೆ ಎರಡರ ನಡುವೆ ಅಷ್ಟೊಂದು ವ್ಯತ್ಯಾಸ ಕಾಣುವುದಿಲ್ಲ, ಒಳಗಿನ ಗಡಿಯಾರಕ್ಕೆ ಕಾಣುತ್ತದೆ. ಬೆಳಗಿನ ಬೆಳಕು ಅದನ್ನು ಹಿಂದಕ್ಕೆ ತರುತ್ತದೆ. ರಾತ್ರಿಯ ಬೆಳಕು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಬೆಳಗ್ಗೆ 20 ನಿಮಿಷ ಹೊರಗೆ ನಡೆಯಿರಿ. ರಾತ್ರಿ ಊಟವಾದ ಮೇಲೆ ಮನೆಯ ದೀಪಗಳನ್ನು ಅರ್ಧಕ್ಕೆ ಇಳಿಸಿ. ಎದ್ದ ಹೊತ್ತಿಗೆ ಹೊರಗೆ ಇನ್ನೂ ಕತ್ತಲೆ ಇದ್ದರೆ ಮನೆಯ ಎಲ್ಲ ದೀಪ ಹಾಕಿಕೊಂಡು ಕೂತಿರಿ, ಬೆಳಗಾದ ಕೂಡಲೇ ಹೊರಡಿ.

ಫೋನು ಹಾಸಿಗೆಯ ಪಕ್ಕ ಬೇಡವೇ ಬೇಡ. ಎದ್ದು ನಾಲ್ಕು ಹೆಜ್ಜೆ ನಡೆದು ಆರಿಸಬೇಕಾದ ಜಾಗದಲ್ಲಿ ಮಾಮೂಲಿ ಅಲಾರಂ ಗಡಿಯಾರ ಇಡಿ. ನಿದ್ದೆಯನ್ನು ಅಳೆದು ಅಂಕ ಕೊಡುವ ಆ್ಯಪ್‌ಗಳನ್ನು ನಾನು ಎರಡು ತಿಂಗಳು ಬಳಸಿದೆ. ಬೆಳಗ್ಗೆ ಎದ್ದ ಕೂಡಲೇ ‘ನಿಮ್ಮ ನಿದ್ದೆ ಚೆನ್ನಾಗಿರಲಿಲ್ಲ’ ಅಂತ ಓದುವುದರಿಂದ ಯಾರ ದಿನವೂ ಚೆನ್ನಾಗುವುದಿಲ್ಲ. ತೆಗೆದುಹಾಕಿ. ವೈದ್ಯರು ಹೇಳದೆ ನಿದ್ದೆ ಮಾತ್ರೆ ಮುಟ್ಟಬೇಡಿ. ಹಗಲಲ್ಲಿ ಎಚ್ಚರವಾಗಿರಲು ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್ ಕೂಡ ಬೇಡ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನದ ಊಟದ ನಂತರ ಕಾಫಿ ನಿಲ್ಲಿಸಿ.

ಹಗಲು ನಿದ್ದೆ ತಡೆಯಲಾಗದಿದ್ದರೆ ಮಧ್ಯಾಹ್ನ 3 ಗಂಟೆಯೊಳಗೆ, 20 ನಿಮಿಷ. ಅದೂ ಅಲಾರಂ ಇಟ್ಟು. ರಾತ್ರಿ ಮಲಗಿ ಬಹಳ ಹೊತ್ತಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಬೇಜಾರು ತರಿಸುವಂಥದ್ದೇನಾದರೂ ಓದಿ. ಕಣ್ಣು ಎಳೆದಾಗ ವಾಪಸ್ ಹೋಗಿ. ಆ ರಾತ್ರಿ ಎಷ್ಟೇ ಕಡಿಮೆ ಮಲಗಿದ್ದರೂ ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು. ಹೊತ್ತು ಸರಿಹೋದ ಮೇಲೆ ರಾತ್ರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದಕ್ಕಿಂತ ಕಡಿಮೆ ಸಾಕು ಅನ್ನುವವರ ಮಾತು ಕೇಳಬೇಡಿ.

ರಾತ್ರಿ ಪಾಳಿ ಸಿಕ್ಕವರಿಗೂ ದಾರಿ ಇದೇ: ಏಳುವ ಹೊತ್ತು ಬೇರೆ. ಎದ್ದಾಗ ಜೋರು ಬೆಳಕು, ಮಲಗುವಾಗ ದಪ್ಪ ಪರದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ, ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಅಲಾರಂನಿಂದ ಸರಿಹೋಗುವುದಲ್ಲ. ಬಹಳ ದಿನ ಕೆಲಸವಿಲ್ಲದವರಲ್ಲಿ ಖಿನ್ನತೆ ಅಪರೂಪವಲ್ಲ, ಅದಕ್ಕೆ ಚಿಕಿತ್ಸೆ ಇದೆ. ವೈದ್ಯರ ಹತ್ತಿರ ಹೋಗಿ. ಬದುಕು ಬೇಡ ಅನ್ನಿಸುತ್ತಿದ್ದರೆ ಇವತ್ತೇ ಹೋಗಿ, ಒಬ್ಬರೇ ಹೋಗಲು ಆಗದಿದ್ದರೆ ಮನೆಯವರನ್ನು ಕರೆದುಕೊಂಡು.

ಹೆಜ್ಜೆ 4: ಮನೆಯಲ್ಲಿ ಕೆಲಸ ಹಂಚಿ

ಮನೆಯಲ್ಲಿದ್ದಷ್ಟು ದಿನ ಸದ್ದಿಲ್ಲದೆ ಹಲವು ಕೆಲಸ ನಿಮ್ಮ ಹೆಗಲಿಗೆ ಬಂದಿರುತ್ತವೆ. ಮಕ್ಕಳನ್ನು ಶಾಲೆಯಿಂದ ಕರೆತರುವುದು, ಬಿಲ್ ಕಟ್ಟುವುದು, ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ‘ಹೇಗಿದ್ದರೂ ಮನೆಯಲ್ಲೇ ಇದ್ದೀಯಲ್ಲ’ ಅಂತ ಒಂದೊಂದಾಗಿ ಸೇರಿದವು ಇವು. ಕೆಲಸ ಸಿಕ್ಕ ಖುಷಿಯಲ್ಲಿ ಯಾರೂ ಇವುಗಳ ಮಾತೇ ಎತ್ತುವುದಿಲ್ಲ. ಕೆಲಸಕ್ಕೆ ಹೋದ ಮೊದಲ ವಾರವೇ ನಾಲ್ಕು ಗಂಟೆಗೆ ಫೋನ್ ಬರುತ್ತದೆ: ‘ಮಗುವನ್ನು ಕರೆತರೋರು ಯಾರು?’

ಕಾಗದದ ಮೇಲೆ ಎಲ್ಲವನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ಒಬ್ಬರ ಹೆಸರು. ‘ನೋಡೋಣ, ಆಗುತ್ತೆ’ ಅನ್ನುವುದನ್ನು ಒಪ್ಪಬೇಡಿ. ಸೇರುವ ಒಂದು ವಾರ ಮೊದಲೇ ಅವರವರು ಆ ಕೆಲಸ ಶುರು ಮಾಡಲಿ, ನೀವು ಮನೆಯಲ್ಲೇ ಇದ್ದರೂ ಎದ್ದು ಹೋಗಬೇಡಿ. ಸುಮ್ನೆ ಕೂತಿರುವುದು ಕಷ್ಟ, ಗೊತ್ತು. ಆದರೂ ಕೂತಿರಿ.

ಹೆಜ್ಜೆ 5: ಇಡೀ ದಿನದ ತಾಲೀಮು

ಕೊನೆಯ ವಾರದಲ್ಲಿ ಮೂರು ದಿನ. ಕೆಲಸದ ಬಟ್ಟೆ ಹಾಕಿ, ಹೊತ್ತಿಗೆ ಸರಿಯಾಗಿ ಮನೆ ಬಿಡಿ. ಗ್ರಂಥಾಲಯವೋ ಮತ್ತೊಂದೋ, ಮನೆಯಲ್ಲದ ಜಾಗಕ್ಕೆ ಹೋಗಿ ಸಂಜೆಯವರೆಗೆ ಇರಿ. ಮನೆಯ ಮೇಜಿನ ಮುಂದೆ ಕೂತರೆ ತಾಲೀಮು ಆಗುವುದಿಲ್ಲ, ಒಂದು ಗಂಟೆಯಲ್ಲಿ ಎದ್ದುಹೋಗುತ್ತೀರಿ. ನಿಂತು ಮಾಡುವ ಕೆಲಸ ಸಿಕ್ಕಿದ್ದರೆ ಹೆಚ್ಚು ಹೊತ್ತು ಕಾಲ ಮೇಲೆ ಇರಿ, ಕೆಲಸಕ್ಕೆ ಹಾಕುವ ಬೂಟಿನಲ್ಲೇ. ಒಂದು ದಿನ ಕೆಲಸದ ಜಾಗದವರೆಗೆ ಹೋಗಿ ಬನ್ನಿ, ಅದೇ ದಟ್ಟಣೆಯ ಹೊತ್ತಿನಲ್ಲಿ.

ಆ ಮೂರು ದಿನ ಏನು ಮಾಡುವುದು? ನಿಮ್ಮ ಕೆಲಸದಲ್ಲಿ ಜಾಸ್ತಿ ಬಳಕೆಯಾಗುವ ಒಂದೇ ಒಂದು ವಿಷಯವನ್ನು ಕೈಗೆತ್ತಿಕೊಂಡು ಮತ್ತೆ ಮಾಡಿ. ಮರೆತೇಹೋಗಿದೆ ಅನ್ನಿಸಿದರೂ ಎರಡನೇ ಸಲ ಕಲಿಯುವುದು ಮೊದಲ ಸಲಕ್ಕಿಂತ ಬೇಗ ಆಗುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ್ದಾನೆ. ನನಗೂ ಮೊದಲ ದಿನ ಏನೂ ನೆನಪಾಗಲಿಲ್ಲ, ಮೂರನೇ ದಿನ ಬೆರಳುಗಳಿಗೆ ತಾನಾಗೇ ಗೊತ್ತಾಯಿತು. ಹೆದರಿಕೆಗೆ ಬಿದ್ದು ಆನ್‌ಲೈನ್ ಕೋರ್ಸ್‌ಗಳನ್ನು ಒಟ್ಟಿಗೆ ಕೊಳ್ಳಬೇಡಿ. ಕೊಂಡವರಲ್ಲಿ ಯಾರೂ ಎರಡನೇ ಪಾಠ ದಾಟಿದ್ದನ್ನು ನಾನು ನೋಡಿಲ್ಲ.

ಹೆಜ್ಜೆ 6: ಆ ಪ್ರಶ್ನೆಗೆ ಎರಡು ವಾಕ್ಯ

‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಸಂದರ್ಶನದಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಯಿತು ಅಂದುಕೊಂಡಿರುತ್ತೀರಿ. ಪಕ್ಕದ ಮೇಜಿನವರು ಮೊದಲ ದಿನ ಊಟದ ಹೊತ್ತಿಗೆ ಮತ್ತೆ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಮಾತು ಶುರು ಮಾಡಲು. ಇಲ್ಲದ ಕಥೆ ಕಟ್ಟಬೇಡಿ, ಇರುವುದೆಲ್ಲವನ್ನೂ ಬಿಚ್ಚಿಡಲೂಬೇಡಿ. ‘ಹಿಂದಿನ ಕೆಲಸ ಹೋಯಿತು, ಹೊಸದು ಸಿಗಲು ಸಮಯ ಹಿಡಿಯಿತು. ಈಗ ಬಂದಿದ್ದು ಖುಷಿಯಾಗಿದೆ.’ ಸಾಕು. ಮನೆಯಲ್ಲಿ ಹತ್ತು ಸಲ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಹೇಳಿಕೊಂಡರೆ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಹೆಜ್ಜೆ 7: ಮೊದಲ ಮೂರು ವಾರ

ಕಳೆದುಹೋದ ವರ್ಷಗಳನ್ನು ತುಂಬಿಕೊಡಬೇಕು ಅನ್ನುವ ಹಟ ಬಹಳ ಜನಕ್ಕೆ ಬರುತ್ತದೆ. ಎಲ್ಲರಿಗಿಂತ ಮೊದಲು ಬಂದು, ಕೊನೆಗೆ ಹೋಗುತ್ತಾರೆ. ಬೇಡ. ಹೊತ್ತಿಗೆ ಬನ್ನಿ, ಹೊತ್ತಿಗೆ ಎದ್ದುಹೋಗಿ. ಗೊತ್ತಿಲ್ಲದ್ದನ್ನು ಮೊದಲ ತಿಂಗಳಲ್ಲೇ ಕೇಳಿ, ಆಗ ಯಾರೂ ತಪ್ಪು ತಿಳಿಯುವುದಿಲ್ಲ. ಹೇಳಿದ್ದನ್ನು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಅದನ್ನೇ ಎರಡನೇ ಸಲ ಕೇಳಬೇಕಾಗದ ಹಾಗೆ. ಫೋನಿನಲ್ಲಿ ಬರೆದುಕೊಂಡರೆ ಎದುರಿಗಿದ್ದವರಿಗೆ ನೀವು ಬೇರೇನೋ ನೋಡುತ್ತಿದ್ದೀರಿ ಅನ್ನಿಸುತ್ತದೆ.

ಮೂರನೇ ವಾರದ ಬುಧವಾರವೋ ಗುರುವಾರವೋ ‘ಬಿಟ್ಟುಬಿಡೋಣ’ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹೊಸತನ ಮುಗಿದಿರುತ್ತದೆ, ಅಭ್ಯಾಸ ಇನ್ನೂ ಕೂತಿರುವುದಿಲ್ಲ. 21 ದಿನಕ್ಕೆ ಯಾವ ಅಭ್ಯಾಸವೂ ಕೂರುತ್ತದೆ ಅಂತ ಮಾರುವ ಕಾರ್ಯಕ್ರಮಗಳಿಗೆ ಹಣ ಕೊಟ್ಟವರು ಈ ವಾರವೇ ಕುಸಿಯುತ್ತಾರೆ, 21 ದಿನ ಕಳೆದರೂ ಆಗಲಿಲ್ಲವಲ್ಲ ಅಂತ. ಲಂಡನ್‌ನಲ್ಲಿ 96 ಜನರನ್ನು 12 ವಾರ ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಅಚ್ಚಾಯಿತು. ಚಿಕ್ಕಪುಟ್ಟ ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ ಲೆಕ್ಕ 254 ದಿನದವರೆಗೂ ಹೋಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅನ್ನುವುದನ್ನೂ ಅವರು ಕಂಡರು. ಸಂಬಳ ಕೊಡದಿದ್ದರೆ, ಯಾರಾದರೂ ಅವಮಾನ ಮಾಡುತ್ತಿದ್ದರೆ ಕೂಡಲೇ ಬಿಡಿ. ಬರೀ ದಣಿವಿನಿಂದ ಹಾಗೆ ಅನ್ನಿಸುತ್ತಿದ್ದರೆ ಹತ್ತು ವಾರ ಮುಗಿಯುವವರೆಗೆ ಯಾವ ತೀರ್ಮಾನವೂ ಬೇಡ. ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿಡಿ.

ಮತ್ತೆ, ಮೊದಲ ಭಾನುವಾರ. ವಾರವೆಲ್ಲ ದುಡಿದಿದ್ದೀರಿ, ಹತ್ತರವರೆಗೆ ಮಲಗೋಣ ಅನ್ನಿಸುತ್ತದೆ ಅಲ್ವಾ? ಮಲಗಿದರೆ 16 ದಿನದಲ್ಲಿ ಹಿಂದಕ್ಕೆ ತಂದ ಗಡಿಯಾರ ಮತ್ತೆ ಮುಂದಕ್ಕೆ ಓಡುತ್ತದೆ, ಸೋಮವಾರ ಬೆಳಗ್ಗೆ ಏಳಲು ಆಗುವುದಿಲ್ಲ. ಅಲಾರಂ 6ಕ್ಕೇ ಇರಲಿ. ಎದ್ದು ಹೊರಗೆ 20 ನಿಮಿಷ ನಡೆದು ಬನ್ನಿ. ಮಧ್ಯಾಹ್ನ ಊಟವಾದ ಮೇಲೆ ಬೇಕಿದ್ದರೆ ಸ್ವಲ್ಪ ಮಲಗಿ.