ಬಾಳೆಹಣ್ಣಿನ ನಾರು, ಹರಿವೆಯ ಕೆಂಪು: ಪುಟ್ಟ ಮಗುವಿನ ಮಲ ನೋಡುವ ಕ್ರಮ

ಒಂದರಿಂದ ಮೂರು ವರ್ಷದ ಮಗುವಿನ ಮಲದಲ್ಲಿ ಏನೋ ವ್ಯತ್ಯಾಸ ಕಂಡಿತೆಂದು ಮನೆಯವರು ಬಂದರೆ, ಮೊನ್ನೆ ಮಧ್ಯಾಹ್ನದಿಂದ ಈಚೆಗೆ ಮಗುವಿನ ಬಾಯಿಗೆ ಏನೇನು ಹೋಗಿದೆ ಎಂದು ಮೊದಲು ಬರೆಸಿಕೊಳ್ಳುತ್ತೇನೆ. ಅಜ್ಜಿ ಕೊಟ್ಟ ಅರ್ಧ ಬಾಳೆಹಣ್ಣು, ಅಂಗಡಿಯ ಜ್ಯೂಸ್ ಪೊಟ್ಟಣ, ಕಬ್ಬಿಣದ ಸಿರಪ್ಪು, ಅಕ್ಕನ ಕೈಯಿಂದ ಕಸಿದು ತಿಂದ ಬಣ್ಣದ ಮಿಠಾಯಿ, ಎಲ್ಲವೂ ಪಟ್ಟಿಗೆ ಸೇರಬೇಕು. ಈ ಪ್ರಾಯದಲ್ಲಿ ತಿಂದದ್ದು ಹೊರಗೆ ಬರಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಇವತ್ತು ಬೆಳಿಗ್ಗೆ ಕಂಡ ಬಣ್ಣಕ್ಕೆ ಇವತ್ತಿನ ದೋಸೆ ಕಾರಣವಲ್ಲ, ನಿನ್ನೆ ಮೊನ್ನೆಯ ತಟ್ಟೆಯನ್ನು ನೆನಪಿಸಿಕೊಳ್ಳಬೇಕು. ಮನೆಯಲ್ಲಿ ನಾಲ್ಕು ಜನ ಮಗುವಿಗೆ ತಿನ್ನಿಸುವವರಿದ್ದರೆ ಒಬ್ಬರ ನೆನಪು ಸಾಲದು. ಅಡುಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿ, ಕೊಟ್ಟವರೇ ಹೊತ್ತು ಮತ್ತು ಅಳತೆ ಬರೆಯಲಿ.

ಕಾಸರಗೋಡಿನ ಕುಂಬಳೆಯಿಂದ ಅಡೂರಿನವರೆಗೆ ನಮ್ಮ ಕಡೆ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಬಾಳೆಹಣ್ಣು. ಮಲದಲ್ಲಿ ಕೂದಲಿನಷ್ಟು ಸಪೂರದ, ಕಪ್ಪು ಅಥವಾ ಕಂದು ಬಣ್ಣದ ಚಿಕ್ಕ ದಾರಗಳು ಕಾಣುತ್ತವೆ. ಹುಳವೆಂದು ಹೆದರಿ ಮದ್ದು ಕುಡಿಸುವವರಿದ್ದಾರೆ. ಅದು ಹಣ್ಣಿನ ನಟ್ಟನಡುವಿನ ನಾರು. ಅದರಲ್ಲಿರುವ ಒಗರು ಅಂಶ ಕರುಳಿನಲ್ಲಿ ಸಾಗುವಾಗ ಕಪ್ಪಾಗುತ್ತದೆ. ಪರೀಕ್ಷೆ ಸುಲಭ. ಒಂದು ಬಿಳಿ ಬಸಿಯಲ್ಲಿ ಎರಡು ಚಮಚ ನೀರು ಹಾಕಿ, ಕಡ್ಡಿಯಲ್ಲಿ ಆ ದಾರವನ್ನು ಅದಕ್ಕೆ ಬಿಡಿ. ಬಾಳೆಯ ನಾರಾದರೆ ಅಲುಗಾಡುವುದಿಲ್ಲ, ಉದ್ದ ಒಂದೇ ಸಮ ಇರುವುದಿಲ್ಲ, ಕಡ್ಡಿಯಿಂದ ಒತ್ತಿದರೆ ತುಂಡಾಗುತ್ತದೆ. ದುಂಡುಹುಳ ನುಣುಪಾಗಿ, ಕೆನೆಬಣ್ಣದಲ್ಲಿ, ಎರಡೂ ತುದಿ ಚೂಪಾಗಿ ಇರುತ್ತದೆ. ಸೂಜಿಹುಳ ಒಂದು ಸೆಂಟಿಮೀಟರಿನೊಳಗಿನ ಬಿಳಿ ಎಳೆ. ಅದನ್ನು ಹುಡುಕಬೇಕಾದದ್ದು ರಾತ್ರಿ ಮಗು ಮಲಗಿ ಎರಡು ಗಂಟೆ ಕಳೆದ ಮೇಲೆ, ಗುದದ್ವಾರದ ಸುತ್ತ, ಟಾರ್ಚ್ ಹಿಡಿದು. ತುಳುವ (ಮೆತ್ತನೆ ತೊಳೆಯ) ಹಲಸಿನ ಹಂಗಾಮಿನಲ್ಲಿ ಹಳದಿ ನಾರು ಬಂದರೂ ಇದೇ ಬಸಿಯ ಪರೀಕ್ಷೆ ಸಾಕು.

ಕೆಂಪಿಗೆ ಕಾರಣ ಹೆಚ್ಚಾಗಿ ಬೀಟ್‌ರೂಟ್, ಕೆಂಪು ಹರಿವೆ, ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು, ಟೊಮೆಟೊ ಸಿಪ್ಪೆ. ಬೀಟ್‌ರೂಟಿನಲ್ಲಿ ಮೂತ್ರವೂ ಗುಲಾಬಿಯಾಗಬಹುದು. ಸೊಪ್ಪು ತರಕಾರಿಯ ಬಣ್ಣ ಮಲದ ಉದ್ದಕ್ಕೂ ಒಂದೇ ಸಮ ಹರಡಿರುತ್ತದೆ, ನೀರಿಗೆ ಹಾಕಿದರೆ ನೇರಳೆಯತ್ತ ವಾಲಿದ ಗುಲಾಬಿ ಬಿಡುತ್ತದೆ. ರಕ್ತ ಹಾಗಲ್ಲ. ಗಟ್ಟಿ ಮಲದ ಹೊರಮೈಯಲ್ಲಿ ಒಂದೇ ಗೆರೆಯಾಗಿ ಕಂಡರೆ ಗುದದ್ವಾರ ಬಿರಿದಿರುವ ಸಾಧ್ಯತೆ ಹೆಚ್ಚು. ಲೋಳೆಯೊಂದಿಗೆ ಬೆರೆತು ಬಂದರೆ ರಕ್ತಭೇದಿ ಎಂದೇ ತಿಳಿದು ಅಂದೇ ತೋರಿಸಬೇಕು. ಚೆನ್ನಾಗಿ ಆಡಿಕೊಂಡಿರುವ ಮಗುವಿನಲ್ಲಿ ಕಾರಣ ತಟ್ಟೆಯದ್ದೇ ಎಂದು ಅನಿಸಿದರೆ ಆ ಒಂದು ವಸ್ತುವನ್ನು ಮೂರು ದಿನ ನಿಲ್ಲಿಸಿ. ನಾಲ್ಕನೆಯ ದಿನವೂ ಕೆಂಪು ಉಳಿದರೆ ಮಲದಲ್ಲಿ ರಕ್ತವಿದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಬರಿಗಣ್ಣಿನ ನಂಬಿಕೆ ಅಲ್ಲಿಗೆ ಸಾಕು.

ಹಸಿರು ಬಣ್ಣಕ್ಕೆ ಬಸಳೆ, ಪಾಲಕ್ ಕಾರಣ. ಕರುಳು ವೇಗವಾಗಿ ಓಡಿದಾಗ ಪಿತ್ತರಸ ಕಂದು ಬಣ್ಣಕ್ಕೆ ತಿರುಗುವಷ್ಟು ಹೊತ್ತು ಸಿಗದೆಯೂ ಹಸಿರಾಗುತ್ತದೆ. ಕಬ್ಬಿಣದ ಸಿರಪ್ಪು (ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ, ಸಲಕ್ಕೆ 1 ಮಿ.ಲೀ., ಅದರಲ್ಲಿ 20 ಮಿ.ಗ್ರಾಂ ಕಬ್ಬಿಣ) ಕೊಟ್ಟ ಮರುದಿನ ಕಡುಹಸಿರು ಅಥವಾ ಕಪ್ಪು ಬಂದರೆ ಸಿರಪ್ಪನ್ನು ನಿಲ್ಲಿಸಬೇಡಿ. ತೆಳ್ಳಗೆ ಬಿಳಿ ಕಾಗದಕ್ಕೆ ಸವರಿದರೆ ಅಂಚಿನಲ್ಲಿ ಹಸಿರು ಛಾಯೆ ಕಾಣುತ್ತದೆ. ಸಿರಪ್ಪು ಕೊಡದಿದ್ದರೂ ಡಾಮರಿನಂತೆ ಹೊಳೆಯುವ, ಅಂಟುವ, ಕೆಟ್ಟ ವಾಸನೆಯ ಕಪ್ಪು ಬಂದರೆ ಅದು ಹೊಟ್ಟೆಯ ಮೇಲ್ಭಾಗದ ರಕ್ತಸ್ರಾವ ಇರಬಹುದು, ತಡಮಾಡಬಾರದು. ಸುಣ್ಣದಂತೆ ಅಥವಾ ಬಿಳಿ ಮಣ್ಣಿನಂತೆ ಪೂರ್ತಿ ಬಿಳಿಚಿದ ಮಲವೂ ಹಾಗೆಯೇ. ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂಬುದರ ಸೂಚನೆ ಅದು, ಯಾವ ಪಥ್ಯದಿಂದಲೂ ಸರಿಹೋಗುವಂಥದ್ದಲ್ಲ.

ಕರುಳಿನ ವೇಗ ತಿಳಿಯಲು ಬೀಟ್‌ರೂಟ್ ಪಲ್ಯವೇ ಗಡಿಯಾರ. ಎರಡು ಚಮಚ ಕೊಟ್ಟ ಹೊತ್ತು ಬರೆದಿಡಿ, ಕೆಂಪು ಕಂಡ ಹೊತ್ತು ಬರೆದಿಡಿ. ಎಂಟು ಹತ್ತು ಗಂಟೆಯೊಳಗೆ ಬಂದರೆ ಓಟ ಜೋರು. ಮೂರು ದಿನ ಕಳೆದರೂ ಬಾರದಿದ್ದರೆ ಕರುಳು ನಿಧಾನ. ಮುಂದೆ ಏನು ಬದಲಿಸಬೇಕೆಂದು ಇದರಿಂದ ಗೊತ್ತಾಗುತ್ತದೆ.

ಓಟ ಜೋರಿರುವ ಮಕ್ಕಳಲ್ಲಿ ಒಂದು ದೊಡ್ಡ ಗುಂಪಿದೆ. ಬೆಳಿಗ್ಗೆ ಮೊದಲ ಸಲ ಸಾಕಷ್ಟು ಗಟ್ಟಿ, ಆಮೇಲೆ ಮೂರು ನಾಲ್ಕು ಸಲ ಸಡಿಲ, ಸಂಜೆ ಹೊತ್ತಿಗೆ ನೀರು ನೀರು. ಅದರಲ್ಲಿ ನಿನ್ನೆಯ ಕ್ಯಾರೆಟ್ ಚೂರು, ಪುಟ್ಟಿನ ಜೊತೆ ತಿಂದ ಕಡಲೆಯ ಸಿಪ್ಪೆ, ತೆಂಗಿನ ತುರಿ ಇದ್ದ ಹಾಗೆಯೇ ಇರುತ್ತವೆ. ರಾತ್ರಿ ನಿದ್ದೆಯಲ್ಲಿ ಹೋಗುವುದಿಲ್ಲ, ತೂಕ ಏರುತ್ತಲೇ ಇದೆ, ಆಟಕ್ಕೆ ಕೊರತೆಯಿಲ್ಲ. ಇದು ರೋಗಾಣುವಿನ ಭೇದಿಯಲ್ಲ. ಕಾರಣ ಊಟದ ಜೋಡಣೆಯಲ್ಲಿದೆ: ಹಣ್ಣಿನ ರಸ ಮತ್ತು ಸಿಹಿ ಪಾನೀಯ ಹೆಚ್ಚು, ಕೊಬ್ಬು ಕಡಿಮೆ, ನಾರು ಕಡಿಮೆ, ಊಟದ ನಡುನಡುವೆ ಸುರಿದುಕೊಳ್ಳುವ ದ್ರವ ಹೆಚ್ಚು. ಸೇಬಿನ ರಸದಲ್ಲಿ ಸಾರ್ಬಿಟಾಲ್ ಮತ್ತು ಫ್ರಕ್ಟೋಸ್ ಇವೆ. ಪುಟ್ಟ ಕರುಳು ಇವನ್ನು ಪೂರ್ತಿ ಹೀರಿಕೊಳ್ಳದಿದ್ದಾಗ ಉಳಿದ ಸಕ್ಕರೆ ನೀರನ್ನು ತನ್ನತ್ತ ಸೆಳೆದು ಮಲವನ್ನು ತೆಳ್ಳಗಾಗಿಸುತ್ತದೆ.

ನಾನು ಮಾಡಿಸುವುದು ಇಷ್ಟು. ಹದಿನಾಲ್ಕು ದಿನ ಜ್ಯೂಸ್, ಶರಬತ್ತು, ಪುನರ್ಪುಳಿಯ ಸಕ್ಕರೆ ಪಾನಕ ಪೂರ್ತಿ ಬಂದ್. ಒಂದು ವರ್ಷದೊಳಗೆ ಜ್ಯೂಸ್ ಬೇಡವೇ ಬೇಡ, ಆಮೇಲೆ ಕೊಟ್ಟರೂ ದಿನಕ್ಕೆ 120 ಮಿ.ಲೀ. ಮೀರಬಾರದು. ಪ್ರತಿ ಊಟಕ್ಕೆ ಒಂದು ಚಿಕ್ಕ ಚಮಚ ತೆಂಗಿನೆಣ್ಣೆ ಅಥವಾ ತುಪ್ಪ. ಮಗುವಿಗೆ ಎಣ್ಣೆ ಭಾರ ಎಂದು ತಿಳಿದು ಬರೀ ಗಂಜಿತಿಳಿ ಕೊಡುವ ಮನೆಗಳಲ್ಲಿಯೇ ಈ ತೊಂದರೆ ಎಳೆಯುತ್ತದೆ, ಏಕೆಂದರೆ ಕೊಬ್ಬು ಊಟವನ್ನು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಬಿಳಿ ಅಕ್ಕಿಗೆ ಬದಲು ಕುಚ್ಚಲಕ್ಕಿ, ಜೊತೆಗೆ ತೊವ್ವೆ, ಹಿಸುಕಿದ ಹರಿವೆ ಪಲ್ಯ, ಮೇಲಾರದ ಕುಂಬಳ. ಹಣ್ಣನ್ನು ಹಿಂಡದೆ ಹಣ್ಣಾಗಿಯೇ ಕೊಡಿ. ಬಾಯಾರಿದರೆ ನೀರು. ಒಂದೆರಡು ವಾರದಲ್ಲಿ ಸಡಿಲ ಕಡಿಮೆಯಾಗುತ್ತದೆ. ಎಡವುವುದು ಎಲ್ಲಿ ಎಂದರೆ, ಜ್ಯೂಸ್ ನಿಲ್ಲಿಸಿದ ದಿನವೇ ಹಾಲು, ಗೋಧಿ, ಮೊಟ್ಟೆ ಎಲ್ಲವನ್ನೂ ನಿಲ್ಲಿಸುವುದರಲ್ಲಿ. ಹಾಗೆ ಮಾಡಿದರೆ ಯಾವುದು ಕಾರಣ ಎಂದು ಗೊತ್ತಾಗುವುದೇ ಇಲ್ಲ, ಮಗು ಸೊರಗುವುದು ಮಾತ್ರ ಖಂಡಿತ.

ಅಂಗನವಾಡಿಯಿಂದ ಬರುವ ಅಮೃತಂ ನ್ಯೂಟ್ರಿಮಿಕ್ಸಿನ ಬಗ್ಗೆಯೂ ದೂರು ಕೇಳುತ್ತೇನೆ. ಕೇರಳದ ಮಹಿಳಾ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀ ಘಟಕಗಳು ಮಾಡುವ ಆ ಹಿಟ್ಟಿನಲ್ಲಿ ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಇವೆ. ಮೊದಲ ದಿನವೇ ಬಟ್ಟಲು ತುಂಬ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಚಮಚದಿಂದ ಶುರುಮಾಡಿ, ಚೆನ್ನಾಗಿ ಬೇಯಿಸಿ, ವಾರದಲ್ಲಿ ನಿಧಾನಕ್ಕೆ ಏರಿಸಿ, ಮೇಲೆ ಬೆಲ್ಲ ಸೇರಿಸಬೇಡಿ. ಆದರೆ ಗೋಧಿ ಕೊಡಲು ಶುರುಮಾಡಿದ ಮೇಲೆ ತಿಂಗಳುಗಟ್ಟಲೆ ದೊಡ್ಡ ಪ್ರಮಾಣದ, ಜಿಡ್ಡಿನ, ನಾರುವ ಮಲ, ಉಬ್ಬಿದ ಹೊಟ್ಟೆ, ನಿಂತ ತೂಕ ಮೂರೂ ಸೇರಿದರೆ ಸೀಲಿಯಾಕ್ (ಗೋಧಿಯ ಗ್ಲುಟೆನ್ ಕರುಳಿಗೆ ಒಗ್ಗದ ರೋಗ) ಪರೀಕ್ಷೆ ಬೇಕು. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದರೆ ಫಲಿತಾಂಶ ತಪ್ಪುತ್ತದೆ.

ಗಟ್ಟಿಯಾಗುವುದರ ಮುಖ್ಯ ಕಾರಣ ಹಾಲು. ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಹಸುವಿನ ಹಾಲು ಕುಡಿಯುವ ಮಗುವಿಗೆ ಅನ್ನ ಪಲ್ಯಕ್ಕೆ ಜಾಗವಿರುವುದಿಲ್ಲ. ಮಲ ಗಟ್ಟಿ ಉಂಡೆಯಾಗುತ್ತದೆ, ರಕ್ತದಲ್ಲಿ ಕಬ್ಬಿಣವೂ ಇಳಿಯುತ್ತದೆ. ಅದರ ಜೊತೆ ಎರಡು ಹೊತ್ತು ಕುನ್ನಂಕಾಯಿ (ಒಂದು ಜಾತಿಯ ಬಾಳೆಕಾಯಿ) ಪುಡಿಯ ಕುರುಕ್ಕು ಎಂಬ ಗಂಜಿ ಅಥವಾ ಅರೆಹಣ್ಣಾದ ನೇಂದ್ರ ಬಾಳೆ ಸೇರಿದರೆ ಇನ್ನೂ ಬಿಗಿ. ಹಾಲನ್ನು 350–400 ಮಿ.ಲೀ.ಗೆ ಇಳಿಸಿ, ಬಾಟಲಿ ಬಿಡಿಸಿ ಲೋಟದಲ್ಲಿ ಕೊಡಿ, ಕುನ್ನಂಕಾಯಿಯನ್ನು ಒಂದು ಹೊತ್ತಿಗೆ ಸೀಮಿತಗೊಳಿಸಿ. ಎಂಟು ಹತ್ತು ಒಣದ್ರಾಕ್ಷಿ ರಾತ್ರಿ ನೆನೆಹಾಕಿ ಹಿಸುಕಿ ಬೆಳಿಗ್ಗೆ ತಿನ್ನಿಸಿ, ಕಳಿತ ಪಪ್ಪಾಯಿ ನಾಲ್ಕು ತುಂಡು ಕೊಡಿ. ಊಟವಾದ ಹತ್ತು ನಿಮಿಷಕ್ಕೆ ಪಾದ ಊರುವ ಹಾಗೆ ಮಣೆ ಇಟ್ಟು ಐದು ನಿಮಿಷ ಕೂರಿಸಿ. ಒಮ್ಮೆ ನೋವಾದ ಮಗು ಮೂಲೆಯಲ್ಲಿ ಕಾಲು ಹೆಣೆದು ನಿಂತು ಮಲ ತಡೆಯುತ್ತದೆ. ಮಲ ಹೊರಹಾಕಲು ತಿಣುಕುತ್ತಿದೆ ಎಂದು ತಪ್ಪು ತಿಳಿಯಬೇಡಿ. ಸಾಬೂನಿನ ತುಂಡು, ವೀಳ್ಯದೆಲೆ ತೊಟ್ಟು ತೂರಿಸುವುದರಿಂದ ಆ ಹೆದರಿಕೆ ಹೆಚ್ಚುತ್ತದೆ, ಮಲ ಮತ್ತಷ್ಟು ಒಳಗೆ ಗಟ್ಟಿಯಾಗುತ್ತದೆ.

ಮಳೆಗಾಲದಲ್ಲಿ ದಿಢೀರನೆ ನೀರಿನಂತೆ ಹೋದರೆ ಮಾತ್ರ ತಟ್ಟೆಯ ಲೆಕ್ಕ ಬದಿಗಿಟ್ಟು ಒಆರ್‌ಎಸ್ (ನೀರಿಗೆ ಕದಡುವ ಉಪ್ಪು ಸಕ್ಕರೆಯ ಪುಡಿ) ಕೈಗೆತ್ತಿಕೊಳ್ಳಬೇಕು. ಪೊಟ್ಟಣದ ಮೇಲೆ ಬರೆದ ಅಳತೆಯ ನೀರೇ ಆಗಬೇಕು. ಒಂದು ಲೀಟರಿನ ಪೊಟ್ಟಣವನ್ನು ಲೋಟದಲ್ಲಿ ಕದಡಿದರೆ ಉಪ್ಪು ಅಪಾಯಕಾರಿ ಮಟ್ಟಕ್ಕೇರುತ್ತದೆ. ಅರ್ಧ ಪೊಟ್ಟಣದ ಅಂದಾಜು ಲೆಕ್ಕವೂ ಬೇಡ. ಹಾಲಿಗೆ, ಎಳನೀರಿಗೆ ಬೆರೆಸಬೇಡಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಕುದಿಸಿ ಆರಿಸಿಯೇ ಬಳಸಿ. ಪ್ರತಿ ಸಲ ಹೋದ ಮೇಲೆ ಎರಡು ವರ್ಷದೊಳಗಿನವರಿಗೆ 50–100 ಮಿ.ಲೀ., ಮೇಲಿನವರಿಗೆ 100–200 ಮಿ.ಲೀ., ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಜೊತೆಗೆ ದಿನಕ್ಕೆ 20 ಮಿ.ಗ್ರಾಂ ಸತು (ಜಿಂಕ್), ಹದಿನಾಲ್ಕು ದಿನ. ಭೇದಿ ನಿಂತರೂ ಪೂರ್ತಿ ಮಾಡಬೇಕು. ಎದೆಹಾಲು, ಮಜ್ಜಿಗೆ ಅನ್ನ, ತುಪ್ಪ ಹಾಕಿದ ಕುಚ್ಚಲಕ್ಕಿ ಗಂಜಿ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚು ಊಟ ಕೊಡಿ. ಜಾಯಿಕಾಯಿ ತೇಯ್ದು ಕೊಡುವ ರೂಢಿ ನಮ್ಮಲ್ಲಿದೆ. ಅಳತೆ ಮೀರಿದರೆ ಮಂಪರು ತರುವ ವಸ್ತು ಅದು, ನನ್ನ ಮಾತು ಕೇಳಿದರೆ ಬೇಡ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯಂತೂ ಮುಟ್ಟಲೇಬಾರದು.

ಕಣ್ಣು ಒಳಸೇರಿದ್ದು, ಆರೆಂಟು ಗಂಟೆ ಮೂತ್ರವಿಲ್ಲದ್ದು, ಹಸಿರು ವಾಂತಿ, ಬಿಟ್ಟುಬಿಟ್ಟು ಕಾಲು ಮಡಚಿ ಚೀರಾಡಿ ಕೆಂಪು ಜೆಲ್ಲಿಯಂಥ ಮಲ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ. ಹದಿನಾಲ್ಕು ದಿನ ದಾಟಿದ ನೀರುಭೇದಿಗೂ ವೈದ್ಯರೇ ಬೇಕು. ಹೊರಡುವಾಗ ಗೋಡೆಯ ಕಾಗದವನ್ನು ಕಿತ್ತು ಜೊತೆಗೊಯ್ಯಿರಿ. ಮಲದ ಮಾದರಿಯನ್ನು ಡೈಪರಿನಿಂದ ತೆಗೆಯಬೇಡಿ, ಅದು ನೀರನ್ನೆಲ್ಲ ಹೀರಿರುತ್ತದೆ. ಡೈಪರಿನ ಒಳಗೆ ತೆಳು ಪ್ಲಾಸ್ಟಿಕ್ ಹಾಸಿ ಅದರಲ್ಲಿ ಹಿಡಿದು, ಒಣಗಿದ ಶುಚಿಯಾದ ಬಾಟಲಿಗೆ ಒಂದು ಚಮಚದಷ್ಟು ಹಾಕಿ, ಲೋಳೆ ಅಥವಾ ರಕ್ತ ಇರುವ ಭಾಗವನ್ನೇ ಆರಿಸಿ, ಒಂದು ಗಂಟೆಯೊಳಗೆ ತಲುಪಿಸಿ.