ಕಥೆಗಾಗಿ ಆಡಿದ ಜಪಾನಿ ಆಟಗಳು: ನನ್ನ ಅನುಭವ

ಜೆಆರ್‌ಪಿಜಿ ಎಂದು ಕರೆಯಲಾಗುವ ಜಪಾನಿನ ರೋಲ್ ಪ್ಲೇಯಿಂಗ್ (ಪಾತ್ರ ವಹಿಸಿ ಆಡುವ) ವಿಡಿಯೊ ಆಟಗಳನ್ನು ಕಥೆಗಾಗಿಯೇ ಆಡಬೇಕೆಂದು ಹೊರಟವರಿಗೆ ಫೈನಲ್ ಫ್ಯಾಂಟಸಿ 7 ಅಥವಾ ಪರ್ಸೋನಾ 5ರಿಂದ ಆರಂಭಿಸಿ ಎಂಬ ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ಎರಡೂ ಒಳ್ಳೆಯ ಆಟಗಳೇ. ಆದರೆ ಪರ್ಸೋನಾ 5 ಮುಗಿಯಲು ಹೆಚ್ಚು ಕಡಿಮೆ ನೂರು ಗಂಟೆ ಹಿಡಿಯುತ್ತದೆ. ಫೈನಲ್ ಫ್ಯಾಂಟಸಿ 7ರ 2020ರ ರೀಮೇಕ್ ಆದರೋ, 1997ರ ಮೂಲ ಆಟದ ಆರಂಭದಲ್ಲಿ ಬರುವ ಮಿಡ್‌ಗಾರ್ ನಗರದ ಭಾಗವನ್ನಷ್ಟೇ ಹಿಗ್ಗಿಸಿ ಹೇಳುತ್ತದೆ. ಕೆಲಸ ಮುಗಿದ ಮೇಲೆ ರಾತ್ರಿ ಸಿಗುವ ಅಲ್ಪಸ್ವಲ್ಪ ಬಿಡುವಿನಲ್ಲಿ ಆಡುವ ನಾನು ಆ ಕಾರಣಕ್ಕೆ ಹಳೆಯ, ಚಿಕ್ಕ ಆಟಗಳನ್ನು ಮೊದಲು ಆರಿಸಿಕೊಂಡೆ. ಇವುಗಳಲ್ಲಿ ಯಾವುದೂ ಕನ್ನಡದಲ್ಲಿ ಬಂದಿಲ್ಲ, ಇಂಗ್ಲಿಷಿನಲ್ಲಿಯೇ ಓದಬೇಕು. ಆದರೂ ಹಳೆಯ ಆಟಗಳಲ್ಲಿ ಪಾತ್ರಗಳ ಮಾತು ಧ್ವನಿಯಿಲ್ಲದೆ ಅಕ್ಷರದಲ್ಲಿ ಬಂದು, ನಾವು ಬಟನ್ ಒತ್ತುವವರೆಗೂ ತೆರೆಯ ಮೇಲೆ ನಿಂತಿರುವುದರಿಂದ, ನಿಧಾನವಾಗಿ ಓದುವವರಿಗೆ ಅದೇ ಅನುಕೂಲ.

ನಾನು ಮೊದಲು ಆಡಿದ್ದು 1995ರಲ್ಲಿ ನಿಂಟೆಂಡೊ ಸಂಸ್ಥೆಯ ಆಟದ ಯಂತ್ರವಾದ (ಕನ್ಸೋಲ್) ಸೂಪರ್ ಫ್ಯಾಮಿಕಾಮ್‌ಗೆ ಬಿಡುಗಡೆಯಾದ ಕ್ರೋನೊ ಟ್ರಿಗರ್. ಫೈನಲ್ ಫ್ಯಾಂಟಸಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಗುಚಿ, ಡ್ರ್ಯಾಗನ್ ಕ್ವೆಸ್ಟ್‌ನ ಕರ್ತೃ ಯೂಜಿ ಹೊರೀ ಮತ್ತು ಚಿತ್ರಕಾರ ಅಕಿರಾ ತೊರಿಯಾಮ ಕೂಡಿ ಮಾಡಿದ, ಕಾಲದಲ್ಲಿ ಹಿಂದೆ ಮುಂದೆ ಪಯಣಿಸುವ ಕಥೆಯ ಆಟವಿದು. ಈಗ ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಸಿಗುತ್ತದೆ. ಇಪ್ಪತ್ತೈದು ಗಂಟೆಯೊಳಗೆ ಮುಗಿಸಬಹುದು. ಆಡುವ ಮೊದಲು ನನಗೆ ನಾನೇ ಎರಡು ಕಟ್ಟುಪಾಡು ಹಾಕಿಕೊಂಡೆ. ಮೊದಲ ಸಲ ಆಡುವಾಗ ಆಡುವ ದಾರಿ ಹೇಳಿಕೊಡುವ ಯಾವ ಗೈಡನ್ನೂ ನೋಡುವಂತಿಲ್ಲ. ಯಾವ ಊರಿಗೆ ಹೋದರೂ ಅಲ್ಲಿರುವ ಪ್ರತಿಯೊಬ್ಬರನ್ನೂ ಮಾತನಾಡಿಸದೆ ಮುಂದೆ ಹೋಗುವಂತಿಲ್ಲ.

ಎರಡನೆಯ ಕಟ್ಟುಪಾಡು ಫಲ ಕೊಟ್ಟದ್ದು ಆಟದ ಆರಂಭದಲ್ಲಿಯೇ. ಕ್ರೋನೊ ಎಂಬ ಹುಡುಗ ಜಾತ್ರೆಗೆ ಹೋಗುತ್ತಾನೆ, ಅಲ್ಲಿ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಕೊರಳಿನ ಪದಕ ನೆಲಕ್ಕೆ ಬೀಳುತ್ತದೆ. ಮುಂದೆ ಏನು ಮಾಡಬೇಕೆಂದು ಆಟ ಹೇಳುವುದಿಲ್ಲ. ಮೇಜಿನ ಮೇಲೆ ಯಾರದೋ ಊಟದ ಗಂಟು ಇರುತ್ತದೆ, ಬೇಕಿದ್ದರೆ ಅದನ್ನು ತಿನ್ನಬಹುದು. ಬೆಕ್ಕು ಕಳೆದುಕೊಂಡ ಪುಟ್ಟ ಹುಡುಗಿಯೊಬ್ಬಳು ನಿಂತಿರುತ್ತಾಳೆ, ಬೇಕಿದ್ದರೆ ಬೆಕ್ಕನ್ನು ಅವಳ ಬಳಿಗೆ ಕರೆತರಬಹುದು. ಇದೆಲ್ಲ ಹೊತ್ತು ಕಳೆಯಲು ಇಟ್ಟ ಆಟಿಕೆಯಂತೆ ತೋರುತ್ತದೆ. ಆಮೇಲೆ, ಡಿಕ್ಕಿ ಹೊಡೆದ ಆ ಹುಡುಗಿಯೇ ರಾಜಕುಮಾರಿಯೆಂದು ತಿಳಿದು, ಅವಳನ್ನು ಅಪಹರಿಸಿದ ಆರೋಪದ ಮೇಲೆ ಕ್ರೋನೊನನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ, ಜಾತ್ರೆಯಲ್ಲಿ ನಾವು ಮಾಡಿದ ಒಂದೊಂದೇ ಕೆಲಸ ಸಾಕ್ಷಿಯಾಗಿ ಎದ್ದು ಬರುತ್ತದೆ. ಊಟ ತಿಂದದ್ದು, ಹುಡುಗಿಯನ್ನು ವಿಚಾರಿಸುವ ಮೊದಲೇ ಪದಕಕ್ಕೆ ಕೈ ಹಾಕಿದ್ದು, ಎಲ್ಲವೂ. ತೀರ್ಪು ಏನೇ ಬಂದರೂ ಕ್ರೋನೊ ಸೆರೆಮನೆಗೆ ಹೋಗುವುದು ತಪ್ಪುವುದಿಲ್ಲ, ಹೀಗಾಗಿ ಕಥೆಯ ದಾರಿಯೇನೂ ಬದಲಾಗದು. ಬದಲಾಗುವುದು ಆಡುವವನು, ಅಲ್ಲಿಂದ ಮುಂದೆ ಯಾರ ಮನೆಯ ಬಾಗಿಲು ತೆರೆದರೂ ನಾನು ಸ್ವಲ್ಪ ಹುಷಾರಾಗಿಯೇ ಹೆಜ್ಜೆ ಇಡುತ್ತಿದ್ದೆ.

ಇದೇ ಆಟದ ಅತ್ಯುತ್ತಮ ಭಾಗ, ನನ್ನ ಅಭಿಪ್ರಾಯದಲ್ಲಿ, ಆಡದೆಯೂ ಬಿಡಬಹುದಾದ ಒಂದು ಉಪಕಥೆ. ಮರುಭೂಮಿಯಾದ ನೆಲದಲ್ಲಿ ಮತ್ತೆ ಕಾಡು ಬೆಳೆಸಲು ರೋಬೊ ಎಂಬ ಯಂತ್ರಮಾನವ ಕ್ರಿ.ಶ. 600ರಲ್ಲಿ ಹಿಂದೆ ಉಳಿಯುತ್ತಾನೆ. ಕಾಲಯಂತ್ರದಲ್ಲಿ ಕ್ರಿ.ಶ. 1000ಕ್ಕೆ ಹಾರಿದ ನಮಗೆ ಅದು ಒಂದು ಕ್ಷಣ, ಅವನಿಗೆ ನಾನೂರು ವರ್ಷ. ಅವನನ್ನು ದುರಸ್ತಿ ಮಾಡಿದ ರಾತ್ರಿ ಗೆಳೆಯರೆಲ್ಲ ಬೆಂಕಿಯ ಸುತ್ತ ಕುಳಿತು ಮಾತನಾಡುತ್ತಾರೆ. ಆಮೇಲೆ ಕ್ರೋನೊನ ಗೆಳತಿ ಲುಕ್ಕಾ ಒಬ್ಬಳೇ ತನ್ನ ಬಾಲ್ಯಕ್ಕೆ ಹಿಂದಿರುಗಿ, ಯಂತ್ರಕ್ಕೆ ಸಿಕ್ಕಿ ಕಾಲು ಕಳೆದುಕೊಳ್ಳಲಿರುವ ತಾಯಿಯನ್ನು ಉಳಿಸಲು ಹೆಣಗುತ್ತಾಳೆ. ಯಂತ್ರವನ್ನು ನಿಲ್ಲಿಸುವ ಸಂಕೇತ ತಾಯಿಯ ಹೆಸರೇ: ಎಲ್, ಎ, ಆರ್, ಎ. ಮೂಲ ಕನ್ಸೋಲಿನಲ್ಲಿ ಆ ನಾಲ್ಕು ಅಕ್ಷರಗಳು ಕಂಟ್ರೋಲರಿನ ಬಟನ್‌ಗಳೇ ಆಗಿದ್ದವು. ಸಮಯ ಮೀರಿದರೆ ಆಟ ನಮ್ಮನ್ನು ಮತ್ತೆ ಪ್ರಯತ್ನಿಸಿ ಎನ್ನುವುದಿಲ್ಲ. ತಾಯಿ ಕುಂಟಿಯಾಗಿಯೇ ಉಳಿಯುತ್ತಾಳೆ, ಕಥೆ ಮುಂದುವರಿಯುತ್ತದೆ.

ಆಡುವ ಕೈಯ ಮೂಲಕವೇ ಕಥೆ ಹೇಳುವ ಈ ಬಗೆಯ ಕಥನವನ್ನು ಇದಕ್ಕೂ ಮೊದಲೇ, 1992ರಲ್ಲಿ, ಡ್ರ್ಯಾಗನ್ ಕ್ವೆಸ್ಟ್ 5 ಇನ್ನೂ ದೊಡ್ಡ ಹರಹಿನಲ್ಲಿ ಮಾಡಿತ್ತು. ಇದರ ನಾಯಕ ಬಾಲಕನಾಗಿ ಕಥೆಗೆ ಬಂದು, ಮದುವೆಯಾಗಿ, ಅವಳಿ ಮಕ್ಕಳ ತಂದೆಯಾಗುತ್ತಾನೆ. ಅವನ ತಂದೆ ಜೀವಮಾನವಿಡೀ ಹುಡುಕುವ ಪುರಾಣಪ್ರಸಿದ್ಧ ವೀರನೂ ಅವನಲ್ಲ. ಆ ವೀರನ ಖಡ್ಗ ಒಲಿಯುವುದು ಅವನ ಮಗನಿಗೆ. ಬಾಲ್ಯದ ಅಧ್ಯಾಯದಲ್ಲಿ ತಂದೆ ಜೊತೆಗಿರುವಾಗ ಶತ್ರುಗಳನ್ನು ಅವನೇ ಒಂದೆರಡು ಏಟಿಗೆ ಮುಗಿಸುತ್ತಾನೆ, ನಮಗೆ ಗಾಯವಾದರೆ ನಾವು ಕೇಳದೆಯೇ ವಾಸಿಮಾಡುತ್ತಾನೆ. ಆಡುವವನ ಕೈಗೆ ಕೆಲಸವೇ ಇರುವುದಿಲ್ಲ. ತಂದೆ ಇಲ್ಲವಾದ ಮೇಲೆ ಪ್ರತಿ ಗಾಯಕ್ಕೂ ಔಷಧಿಯನ್ನು ನಾವೇ ಹುಡುಕಿ, ನಾವೇ ಆಯ್ದು ಕೊಟ್ಟುಕೊಳ್ಳಬೇಕು. ತಬ್ಬಲಿತನವನ್ನು ಒಂದು ಸಾಲಿನ ಮಾತೂ ಇಲ್ಲದೆ, ಬರೀ ಮೆನುವಿನ ಮೂಲಕ ಹೇಳಿದ ಈ ಜಾಣ್ಮೆಗೆ ನಾನು ಬೆರಗಾದೆ. ನಾಯಕ ಕಲ್ಲಾಗಿ ಯಾರದೋ ತೋಟದಲ್ಲಿ ವರ್ಷಗಟ್ಟಲೆ ನಿಲ್ಲುವ ಭಾಗವೂ ಹಾಗೆಯೇ. ಋತುಗಳು ಉರುಳುತ್ತವೆ, ಆ ಮನೆಯ ಮಗು ಬೆಳೆಯುತ್ತದೆ, ನಾವು ಏನೂ ಮಾಡಲಾಗದೆ ನೋಡುತ್ತಿರಬೇಕು. ಈ ಆಟ ಇಂಗ್ಲಿಷಿಗೆ ಅಧಿಕೃತವಾಗಿ ಬಂದದ್ದು 2009ರಲ್ಲಿ, ಕೈಯಲ್ಲಿ ಹಿಡಿದು ಆಡುವ ಕನ್ಸೋಲಾದ ನಿಂಟೆಂಡೊ ಡಿಎಸ್‌ನಲ್ಲಿ. ನಂತರ ಮೊಬೈಲಿಗೂ ಬಂತು, ನಾನು ಆಡಿದ್ದು ಅದನ್ನೇ.

ಫಾಲ್ಕಾಮ್ ಸಂಸ್ಥೆ 2004ರಲ್ಲಿ ಹೊರತಂದ ಟ್ರೇಲ್ಸ್ ಇನ್ ದಿ ಸ್ಕೈಗೆ ಬರುವಷ್ಟರಲ್ಲಿ ನಾನು ಒಂದು ನೋಟ್‌ಬುಕ್ ಇಟ್ಟುಕೊಳ್ಳತೊಡಗಿದ್ದೆ. ಇಲ್ಲಿ ಕಥೆ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಅಂಗಡಿಯವನಿಂದ ಹಿಡಿದು ಸೇತುವೆಯ ಮೇಲೆ ನಿಂತ ಕಾವಲುಗಾರನವರೆಗೆ ಊರಿನವರ ಮಾತೆಲ್ಲ ಬದಲಾಗುತ್ತದೆ. ಯಾರು ಯಾರ ಮಗಳು, ಯಾರಿಗೆ ಯಾರ ಮೇಲೆ ಮುನಿಸು, ಯಾವ ವ್ಯಾಪಾರಿ ಯಾವ ಊರಿಗೆ ಹೊರಟ ಎಂಬುದನ್ನು ಬರೆದಿಟ್ಟುಕೊಂಡರೆ, ಅಧ್ಯಾಯಗಳ ಆಚೆ ಅದೇ ಜನ ಬೇರೆ ಊರಿನಲ್ಲಿ ಎದುರಾದಾಗ ಗುರುತು ಸಿಗುತ್ತದೆ. ಆತುರಗಾರರಿಗೆ ಈ ಆಟ ಹೇಳಿಸಿದ್ದಲ್ಲ. ಮೊದಲ ಹಲವು ಗಂಟೆ ಕಳೆದುಹೋದ ವಸ್ತು ಹುಡುಕಿಕೊಡುವಂಥ ಸಣ್ಣಪುಟ್ಟ ಕೆಲಸಗಳಲ್ಲೇ ಹೋಗುತ್ತವೆ. ಮೊದಲ ಭಾಗ ಕಥೆಯನ್ನು ನಡುವೆಯೇ ಕೈಬಿಡುವುದರಿಂದ ಎರಡನೆಯ ಭಾಗವನ್ನೂ ಆಡುವ ಮನಸ್ಸು ಮಾಡಿಕೊಂಡೇ ಇದಕ್ಕೆ ಕೈ ಹಾಕಬೇಕು.

ಕಾದಾಟಗಳ ವಿಷಯದಲ್ಲಿ ನನಗೆ ಮಡಿವಂತಿಕೆಯಿಲ್ಲ. ಕಷ್ಟದ ಮಟ್ಟವನ್ನು ಇಳಿಸುವ ಅವಕಾಶವಿದ್ದರೆ ಇಳಿಸುತ್ತೇನೆ, ವೇಗ ಹೆಚ್ಚಿಸುವ ಸೌಲಭ್ಯವಿದ್ದರೆ ಕಾದಾಟದಲ್ಲಿ ಮಾತ್ರ ಬಳಸುತ್ತೇನೆ. ಪಾತ್ರಗಳ ಲೆವೆಲ್ (ಬಲದ ಮಟ್ಟ) ಏರಿಸಲೆಂದೇ ಒಂದೇ ಜಾಗದಲ್ಲಿ ಸುತ್ತಿ ಕಾದಾಡುವ ಗ್ರೈಂಡಿಂಗ್ ಕಥೆಯ ಓಟವನ್ನು ಕೊಲ್ಲುತ್ತದೆ. ಬಾಸ್ ಎನ್ನುವ ಬಲಿಷ್ಠ ಶತ್ರುವನ್ನು ಸೋಲಿಸಲಾಗದಿದ್ದರೆ ಮೊದಲು ಆಯುಧ ಮತ್ತು ಕವಚ ಬದಲಿಸಿ ನೋಡುತ್ತೇನೆ, ಬಹುಪಾಲು ಅಷ್ಟೇ ಸಾಕಾಗುತ್ತದೆ.

ಇಷ್ಟರ ನಂತರ ಪರ್ಸೋನಾ 4 ಗೋಲ್ಡನ್‌ನಂಥ ದೀರ್ಘ ಆಟ ಭಾರವೆನಿಸಲಿಲ್ಲ. ಇನಾಬಾ ಎಂಬ ಕಾಲ್ಪನಿಕ ಊರಿನ ಒಂದು ವರ್ಷವನ್ನು ಅದು ದಿನದಿನವೂ ಲೆಕ್ಕವಿಟ್ಟು ನಡೆಸುತ್ತದೆ. ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಗೆಳೆಯನೊಬ್ಬನಿಗೆ ಕೊಟ್ಟರೆ ಅಂದು ಮತ್ತೊಬ್ಬನಿಗಿಲ್ಲ. ಎಲ್ಲ ಗೆಳೆಯರ ಕಥೆಗಳನ್ನೂ ಒಂದೇ ಸಲದ ಆಟದಲ್ಲಿ ಮುಗಿಸುವ ವೇಳಾಪಟ್ಟಿಗಳು ಧಾರಾಳವಾಗಿ ಸಿಗುತ್ತವೆ, ಅವನ್ನು ನೋಡದಿರುವುದೇ ಲೇಸು.

ಸದ್ಯ ಕೈಯಲ್ಲಿರುವುದು 2025ರಲ್ಲಿ ಹೊಸ ರೂಪದಲ್ಲಿ ಜೊತೆಯಾಗಿ ಬಂದ ಸುಯಿಕೊಡೆನ್ 1 ಮತ್ತು 2. ಹೊಗಳಿಕೆಯೆಲ್ಲ ಎರಡನೆಯದಕ್ಕೇ ಸಲ್ಲುವುದರಿಂದ ನೇರ ಅಲ್ಲಿಗೇ ಹೋಗುವವರಿದ್ದಾರೆ. ಆದರೆ ಮೊದಲನೆಯದನ್ನು ಮುಗಿಸಿದ ಸೇವ್ ಫೈಲ್ (ಉಳಿಸಿಟ್ಟ ಆಟದ ದಾಖಲೆ) ಇದ್ದರೆ ಅದರ ನಾಯಕನನ್ನು ಎರಡನೆಯದರಲ್ಲಿ ತಂಡಕ್ಕೆ ಸೇರಿಸಿಕೊಳ್ಳಬಹುದು. ಮೊದಲನೆಯದು ಅಷ್ಟೇನೂ ದೊಡ್ಡದಲ್ಲ, ಆದ್ದರಿಂದ ನಾನು ಅಲ್ಲಿಂದಲೇ ಹೊರಟಿದ್ದೇನೆ.