ವಿಜಯನಗರದ ಊಟಕ್ಕೆ ಟೊಮ್ಯಾಟೊ ಸಾರಾ?

ನನ್ನ ತಮ್ಮ ಹೋಗಿ ಹತ್ತು ತಿಂಗಳಾಯಿತು. ವರ್ಷಾಂತಿಕ ಮುಗಿದ ಮೇಲೆ ಅಪ್ಪನ ನೆನಪಿಗೆ ಮನೆಯವರಿಗೆಲ್ಲ ವಿಜಯನಗರದ ಕಾಲದ ಊಟ ಹಾಕುತ್ತೇನೆ ಅಂತ ಅವನ ಮಗಳು ಹೊರಟಿದ್ದಾಳೆ. ಹಾಕಲಿ, ಬೇಡ ಅನ್ನುವುದಿಲ್ಲ. ಅವನಿಗೆ ಹಳೇ ಕಲ್ಲು ಅಂದರೆ ಪ್ರಾಣ. ಚಿಕ್ಕಬಳ್ಳಾಪುರಕ್ಕೆ ಯಾರೇ ನೆಂಟರು ಬಂದರೂ ನಂದಿಯ ಭೋಗನಂದೀಶ್ವರನ ಗುಡಿಗೆ ಎಳೆದುಕೊಂಡು ಹೋಗಿ, ಒಂದೊಂದು ಕಂಬದ ಹತ್ತಿರವೂ ನಿಲ್ಲಿಸಿ ಪಾಠ ಹೇಳುತ್ತಿದ್ದ. ನಮಗೆಲ್ಲ ಹೊಟ್ಟೆ ಚುರುಗುಟ್ಟುತ್ತಿರುತ್ತಿತ್ತು.

ಆದರೆ ಅವಳು ತೋರಿಸಿದ ಪಟ್ಟಿ ನೋಡಿ ನನಗೆ ರೇಗಿಹೋಯಿತು. ಟೊಮ್ಯಾಟೊ ಸಾರು, ಆಲೂಗಡ್ಡೆ ಪಲ್ಯ, ಬೀನ್ಸ್ ಹುಳಿ, ಕಡಲೆಕಾಯಿ ಚಟ್ನಿ! ಜೊತೆಗೆ ಬಾಡಿಗೆಗೆ ತಾಮ್ರದ ತಟ್ಟೆ, ಬಡಿಸುವವರಿಗೆ ರುಮಾಲು. ರುಮಾಲು ಸುತ್ತಿಬಿಟ್ಟರೆ ಆಲೂಗಡ್ಡೆ ಹಳೇದಾಗುತ್ತಾ? ವಿಜಯನಗರ ಶುರುವಾಗಿದ್ದು 1336ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದಿದ್ದು 1498ರಲ್ಲಿ. ಅವಳ ಪಟ್ಟಿಯಲ್ಲಿದ್ದ ತರಕಾರಿ, ಮೆಣಸಿನಕಾಯಿ, ಕೊನೆಗೆ ಸಿಹಿಗುಂಬಳ ಕೂಡ ಅಮೆರಿಕ ಕಡೆಯದು, ಅವೆಲ್ಲ ಇಲ್ಲಿಗೆ ಬಂದಿದ್ದು ಆಮೇಲೆ. ಪರಂಗಿ ಹಣ್ಣಿಗೆ ಪರಂಗಿ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಹಾಗಾದರೆ ಏನು ಮಾಡಲಿ ಅತ್ತೆ ಅಂತ ಮುಖ ಸಣ್ಣ ಮಾಡಿಕೊಂಡಳು. ನಿಮ್ಮಪ್ಪನ ಮಾಸಿಕದ ಎಲೆ ನೋಡೇ ಅಂದೆ. ಹತ್ತು ತಿಂಗಳಿಂದ ನೀನೇ ಬಡಿಸುತ್ತಿದ್ದೀಯಲ್ಲ, ಅದರಲ್ಲಿ ಮೆಣಸಿನಕಾಯಿ ಇದೆಯಾ? ಟೊಮ್ಯಾಟೊ ಇದೆಯಾ? ನಮ್ಮ ಮನೆಗಳಲ್ಲಿ ತಿಥಿ ಅಡುಗೆಗೆ ಬಾಳೆಕಾಯಿ, ಹಾಗಲಕಾಯಿ, ಬೂದುಗುಂಬಳ, ಖಾರಕ್ಕೆ ಕಾಳುಮೆಣಸು, ಅಷ್ಟೇ. ಆ ಒಲೆಗೆ ಹೊಸದು ಯಾವುದೂ ಬರಲೇ ಇಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನೀವೂ ಇಂಥ ಊಟ ಹಾಕುವವರಾದರೆ, ಪೂರ್ತಿ ತಿಥಿ ಊಟದ ಹಾಗೆ ಕಾಣಬಾರದು ಅಂದರೆ ರಾಗಿಮುದ್ದೆ, ಹುರುಳಿ ಸಾರು ಸೇರಿಸಿ. ಅವನ್ನು ತಿಥಿಗೆ ಮಾಡುವುದಿಲ್ಲ, ಹಳೇ ಕಾಲಕ್ಕೂ ಸಲ್ಲುತ್ತವೆ. ಬೂದುಗುಂಬಳದ ಮಜ್ಜಿಗೆಹುಳಿ, ಬಾಳೆಕಾಯಿ ಪಲ್ಯ, ಮೆಣಸಿನ ಸಾರು, ಹೆಸರುಬೇಳೆ ಪಾಯಸ. ಸಾಕು. ಅಪ್ಪನನ್ನು ಕಳೆದುಕೊಂಡವರ ತಲೆ ಒಂದು ಕಡೆ ನಿಲ್ಲುವುದಿಲ್ಲ, ಹದಿನೈದು ಬಗೆ ಮಾಡಲು ಹೋಗಬೇಡಿ. ನಮ್ಮಮ್ಮ ಹೋದ ವರ್ಷ ನಾನು ಪಾಯಸಕ್ಕೆ ಉಪ್ಪು ಹಾಕಿ, ಹಾಕಿದ್ದೇ ಗೊತ್ತಿಲ್ಲದೆ ಬಡಿಸಿದವಳು. ಎಲೆ ಎಣಿಸುವುದು, ಅಕ್ಕಿ ತೊಳೆಯುವುದು, ಮುದ್ದೆ ತಿರುವುವುದು ಎಲ್ಲ ಬೇರೆಯವರಿಗೆ ಬಿಡಿ. ಒಂದೇ ಒಂದು ಕೆಲಸ ನಿಮ್ಮ ಕೈಯಲ್ಲಿರಲಿ, ಅದು ಸಾರಿಗೆ ಕಾಳುಮೆಣಸು ಹುರಿದು ಕುಟ್ಟುವುದು.

ಈಗಿನವರು ಮಾಡುವ ತಪ್ಪು ಅಂದರೆ ಪುಡಿ ಪೊಟ್ಟಣ ತಂದು ಬೇಳೆಕಟ್ಟಿಗೆ ಸುರಿದು ಕೊತಕೊತ ಕುದಿಸುವುದು. ಘಮ ಹೋಗಿ ಬರೀ ಕಹಿ ಒಗರು ಉಳಿಯುತ್ತದೆ. ಇಡೀ ಕಾಳು ತನ್ನಿ. ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ. ಜೊಳ್ಳೂ ತೇಲುತ್ತದೆ, ಕಲಬೆರಕೆಗೆ ಹಾಕುವ ಪರಂಗಿ ಬೀಜವೂ ತೇಲುತ್ತದೆ. ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ, ಒದ್ದೆ ಕಾಳು ಸರಿಯಾಗಿ ಹುರಿಯುವುದಿಲ್ಲ. ಕಬ್ಬಿಣದ ಬಾಣಲೆಗೆ ಬೆರಳು ಸವರಿದಷ್ಟು ತುಪ್ಪ, ಸಣ್ಣ ಉರಿ. ಕಣ್ಣು ಬೇಡ, ಕಿವಿ ಕೊಡಿ. ಮೊದಲ ಕಾಳು ಚಟ್ ಅಂದಾಗ ಸುಮ್ಮನಿರಿ, ಎರಡನೆಯದಕ್ಕೂ ಸುಮ್ಮನಿರಿ, ಮೂರನೆಯದು ಅಂದ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಸೀಯುತ್ತದೆ. ಜೀರಿಗೆ ಬೇರೆಯಾಗಿ, ಬಿಸಿ ತಾಗುವಷ್ಟು ಮಾತ್ರ. ಪೂರ್ತಿ ಆರಿದ ಮೇಲೆ ಕುಟ್ಟಾಣಿಯಲ್ಲಿ ಕುಟ್ಟಿ, ಮಿಕ್ಸಿ ಬೇಡ, ಬಿಸಿಯಾಗುತ್ತದೆ. ರವೆಗಿಂತ ಸ್ವಲ್ಪ ದಪ್ಪ ಇರಲಿ, ಒಂದೊಂದು ಅರ್ಧ ಕಾಳು ಹಲ್ಲಿಗೆ ಸಿಗಬೇಕು. ಸಾರು ಕುದಿದು ಉಪ್ಪು ಹುಳಿ ಹಿಡಿದ ಮೇಲೆ ಪುಡಿ ಹಾಕಿ, ಒಂದು ಉಕ್ಕು ಬಂದ ಕೂಡಲೇ ಇಳಿಸಿ ಮುಚ್ಚಿಡಿ.

ಹಾಂ, ಹಳೇ ಕಾಲ ಅಂತ ಅಟ್ಟದ ಹಿತ್ತಾಳೆ ಪಾತ್ರೆ ಇಳಿಸಿಬಿಟ್ಟೀರಿ! ಹುಣಸೆಹಣ್ಣಿನಲ್ಲಿ ಉಜ್ಜಿದರೆ ಹೊರಗೆ ಹೊಳೆಯುತ್ತದೆ, ಆದರೆ ಒಳಗೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ ಹಾಕುವ ಸಾರು ಅದರಲ್ಲಿ ಮಾಡಬಾರದು, ಕಿಲುಬು ಬಿಡುತ್ತದೆ. ಕಲಾಯಿ ಹಾಕುವವರು ಸಿಗುವುದೇ ಕಷ್ಟ, ಈಗಿಂದಲೇ ವಿಚಾರಿಸಿ.

ಮೊನ್ನೆ ಅವಳ ಕೈಯಲ್ಲಿ ಒಂದು ಸಲ ಮಾಡಿಸಿದೆ. ಕುಟ್ಟುವಾಗ ಸೀನು, ಕಣ್ಣಲ್ಲಿ ನೀರು. ಮೆಣಸಿನ ಘಾಟಾ ಬೇರೆಯದಾ ಅಂತ ನಾನು ಕೇಳಲಿಲ್ಲ. ಸಾರನ್ನು ಲೋಟಕ್ಕೆ ಹಾಕಿ ಕೊಟ್ಟಳು, ಅವರಪ್ಪ ಅನ್ನಕ್ಕೆ ಕಲಸದೆ ಹಾಗೇ ಕುಡಿಯುತ್ತಿದ್ದ. ಉಪ್ಪು ಒಂದು ಚಿಟಿಕೆ ಕಮ್ಮಿಯಿತ್ತು.